ಹುಲ್ಲು ಸೊರಗಿದಾಗ ಗೋವಿನಜೋಳ

ನ್ಯೂಜಿಲೆಂಡಿನ ವೈಕಾಟೊ ಸೀಮೆಯ ಹಸುಗಳಿಗೆ ಕೊಟ್ಟಿಗೆಯ ರೂಢಿ ಕಡಿಮೆ. ಬಯಲಲ್ಲೇ ರೈಗ್ರಾಸ್, ಬಿಳಿ ಕ್ಲೋವರ್ ಮೇಯುತ್ತವೆ. ಇಷ್ಟು ಅಗ್ಗದ ಮೇವು ಬೇರೊಂದಿಲ್ಲ. ಕೊಯ್ಯುವ ಕೆಲಸವನ್ನೂ ಹಸುವೇ ಮಾಡಿಕೊಳ್ಳುತ್ತದೆಯಲ್ಲ! ತೊಡಕು ಬರುವುದು ಜನವರಿ-ಫೆಬ್ರವರಿಯಲ್ಲಿ. ಅಲ್ಲಿಗದು ಬೇಸಿಗೆ. ಮಳೆ ಕೈಕೊಟ್ಟರೆ ಹುಲ್ಲು ಸೊರಗುತ್ತದೆ, ಹಾಲು ಇಳಿಯುತ್ತದೆ. ಆಗ ರೈತರು ಹಿಂದಿನ ಮಾರ್ಚಿನಲ್ಲಿ ಮುಚ್ಚಿಟ್ಟ ಮೆಕ್ಕೆಜೋಳದ ರಸಮೇವಿನ ರಾಶಿ ಬಿಚ್ಚುತ್ತಾರೆ. ನಮ್ಮ ಹಾವೇರಿ ಕಡೆ ಈ ಬೆಳೆಗೆ ಗೋವಿನಜೋಳ ಎಂದೇ ಹೆಸರು. ಆ ಹೆಸರು ಅಲ್ಲಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ರಸಮೇವು (ಸೈಲೇಜ್) ಮಾಡಲು ದಂಟು, ಎಲೆ, ತೆನೆ ಎಲ್ಲವನ್ನೂ ಹಸಿಯಾಗಿಯೇ ಸಣ್ಣಗೆ ಕತ್ತರಿಸಿ, ಟ್ರ್ಯಾಕ್ಟರ್ ಹತ್ತಿಸಿ ತುಳಿಸಿ, ಪ್ಲಾಸ್ಟಿಕ್ ಹೊದಿಸಿ, ಮೇಲೆ ಹಳೆ ಟೈರು ಹೇರುತ್ತಾರೆ. ಒಳಗೆ ದುಡಿಯುವುದು ದೋಸೆ ಹಿಟ್ಟಿಗೆ ಹುಳಿ ತರುವ ಬ್ಯಾಕ್ಟೀರಿಯಾಗಳ ಬಳಗವೇ. ಅವು ಗಿಡದ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಪಿಎಚ್ 4ರ ಆಸುಪಾಸಿಗೆ ಇಳಿದ ಮೇಲೆ, ಗಾಳಿಯೂ ಸಿಗದೆ, ಕೊಳೆಸುವ ಜೀವಿಗಳ ಆಟ ನಡೆಯದು.

ಎಲ್ಲ ನಿಂತಿರುವುದು ಕೊಯ್ಲಿನ ಹದದ ಮೇಲೆ. ತೆನೆ ಮುರಿದು ಕಾಳು ನೋಡಿ: ಹೊರತುದಿಯಲ್ಲಿ ಗಟ್ಟಿ ಹಳದಿ ಪಿಷ್ಟ, ಬುಡದ ಕಡೆ ಬಿಳಿ ಹಾಲು. ನಡುವಿನ ಗೆರೆ ಕಾಳಿನ ಅರ್ಧ ದಾಟಿ, ಮೂರರಲ್ಲಿ ಎರಡು ಭಾಗದವರೆಗೆ ಸರಿದಿದ್ದರೆ ಹದ. ಇಡೀ ಗಿಡದಲ್ಲಿ ನೀರು ಬಿಟ್ಟು ಉಳಿಯುವ ಒಣತೂಕ ಆಗ ಶೇ 30–38. ಆತುರಪಟ್ಟರೆ ರಾಶಿಯಿಂದ ರಸ ಸೋರಿ ಸತ್ವವೂ ಹೋಗುತ್ತದೆ. ತಡಮಾಡಿದರೆ ಒಣಗಿದ ದಂಟು ಎಷ್ಟು ತುಳಿದರೂ ಕೂರದೆ ಗಾಳಿ ಉಳಿಯುತ್ತದೆ. ಗಟ್ಟಿಯಾದ ಕಾಳು ಒಡೆಯದಿದ್ದರೆ ಸಗಣಿಯಲ್ಲಿ ಹಾಗೇ ಹೊರಬೀಳುತ್ತದೆ. ಕತ್ತರಿಸುವ ಯಂತ್ರ ಕಾಳು ಒಡೆದಿದೆಯೋ ಇಲ್ಲವೋ ತಿಳಿಯಲು ಸಗಣಿ ಕೆದಕಿ ನೋಡಿದರೆ ಸಾಕು.

ಹುಲ್ಲಿಗೂ ಈ ರಸಮೇವಿಗೂ ಜೋಡಿ ಸರಿಹೋಗುವುದು ಇವು ಒಂದಕ್ಕೊಂದು ತದ್ವಿರುದ್ಧವಾದ್ದರಿಂದ. ಎಳೆ ಹುಲ್ಲಿನ ಒಣತೂಕದಲ್ಲಿ ಪ್ರೊಟೀನು ಶೇ 20 ದಾಟುತ್ತದೆ. ಹಸುವಿಗೆ ಅಷ್ಟು ಬೇಡ. ಮಿಕ್ಕದ್ದು ಮೆಲುಕಿನ ಹೊಟ್ಟೆಯಲ್ಲಿ ಅಮೋನಿಯಾ ಆಗಿ, ಯಕೃತ್ತಿನಲ್ಲಿ ಯೂರಿಯಾ ಆಗಿ, ಗಂಜಲದಲ್ಲಿ ಹೋಗುತ್ತದೆ. ಆ ಸಾರಜನಕ ನೈಟ್ರೇಟಾಗಿ ಅಂತರ್ಜಲ ಸೇರುವುದು ನ್ಯೂಜಿಲೆಂಡಿನ ದೊಡ್ಡ ತಲೆನೋವು. ಮೆಕ್ಕೆಜೋಳದ ರಸಮೇವಿನಲ್ಲಿ ಪ್ರೊಟೀನು ಶೇ 7–8 ಮಾತ್ರ, ಪಿಷ್ಟ ಧಾರಾಳ. ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಪಿಷ್ಟದ ಬಲದಿಂದ ಅಮೋನಿಯಾವನ್ನು ಹಿಡಿದು ತಮ್ಮ ಮೈಗೆ ಸೇರಿಸಿಕೊಳ್ಳುತ್ತವೆ. ಹುಲ್ಲೇ ಒಣಗಿ ಬಡಕಲಾಗಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ, ಪ್ರೊಟೀನನ್ನು ಬೇರೆಯಾಗಿ ಕೊಡಬೇಕು. ಸುಣ್ಣದ ಅಂಶವೂ ಉಪ್ಪೂ ಈ ರಸಮೇವಿನಲ್ಲಿ ಕಡಿಮೆ.

ರಾಶಿಗೆ ಕೈ ಹಾಕಿ ನೋಡಿ. ಬಿಸಿ ತಾಗಿದರೆ ಗಾಳಿ ಹೊಕ್ಕಿದೆ, ಹಸುವಿನ ಪಾಲನ್ನು ಯೀಸ್ಟು, ಬೂಷ್ಟು ತಿನ್ನುತ್ತಿವೆ ಎಂದರ್ಥ. ನಮ್ಮಲ್ಲಿ ರಸಮೇವಿನ ಮೂಟೆ ಕೊಳ್ಳುವವರಿಗೂ ಈ ಪರೀಕ್ಷೆ ಒದಗುತ್ತದೆ. ಇನ್ನೊಂದು ನಷ್ಟ ಕೈಗೆ ತಾಗುವುದಿಲ್ಲ: ಹುಲ್ಲು ಸಮೃದ್ಧವಾಗಿರುವಾಗ ರಸಮೇವು ಸುರಿದರೆ ಹಸು ಬಯಲಿನ ಹುಲ್ಲನ್ನು ಬಿಡುತ್ತದೆ, ಅದು ಬಲಿತು ನಾರಾಗುತ್ತದೆ.