ಸ್ಟೀರಿಯೊ ಕ್ಯಾಮೆರಾದ ಜೋಡಿ ಮಸೂರಗಳು

ಸ್ಟೀರಿಯೊ ಕ್ಯಾಮೆರಾ ಎಂಬುದು ಒಂದೇ ದೃಶ್ಯದ ಎರಡು ಚಿತ್ರಗಳನ್ನು ಅಕ್ಕಪಕ್ಕದ ಎರಡು ಮಸೂರಗಳಿಂದ ಏಕಕಾಲಕ್ಕೆ ತೆಗೆಯುವ ಸಾಧನ. ಮಸೂರಗಳ ನಡುವಿನ ಅಂತರ ಸಾಮಾನ್ಯವಾಗಿ ಮನುಷ್ಯನ ಕಣ್ಣುಗಳ ಅಂತರದಷ್ಟು, ಅಂದರೆ ಸುಮಾರು 65 ಮಿ.ಮೀ. ಇರುತ್ತದೆ. ಎಡಚಿತ್ರವನ್ನು ಎಡಗಣ್ಣಿನಿಂದ, ಬಲಚಿತ್ರವನ್ನು ಬಲಗಣ್ಣಿನಿಂದ ನೋಡಿದಾಗ ದೃಶ್ಯದ ಆಳ ಗೋಚರಿಸುತ್ತದೆ. ಇದಕ್ಕೆ ಎರಡೂ ಮಸೂರಗಳ ಸಂಗಮದೂರ (ನಾಭಿದೂರ) ಸಮನಾಗಿರಬೇಕು.

== ಹೊಂದಾಣಿಕೆಯ ಅಗತ್ಯ ==
ದೂರದ ವಸ್ತುವಿನ ಪ್ರತಿಬಿಂಬದ ಗಾತ್ರವು ಸಂಗಮದೂರಕ್ಕೆ ಅನುಪಾತದಲ್ಲಿರುತ್ತದೆ. ಉದಾಹರಣೆಗೆ, ಜೋಯಿಡಾ ತಾಲ್ಲೂಕಿನ ಸಿಂಥೇರಿ ಬಂಡೆಯನ್ನು 50 ಮಿ.ಮೀ. ಮತ್ತು 50.5 ಮಿ.ಮೀ. ಮಸೂರಗಳಿಂದ ಚಿತ್ರಿಸಿದರೆ, ಒಂದರಲ್ಲಿ ಚಿತ್ರದ ಮಧ್ಯದಿಂದ 12 ಮಿ.ಮೀ. ಮೇಲಿರುವ ಬಂಡೆಯ ತುದಿ ಇನ್ನೊಂದರಲ್ಲಿ 12.12 ಮಿ.ಮೀ. ಎತ್ತರದಲ್ಲಿ ಮೂಡುತ್ತದೆ. ಕಣ್ಣುಗಳು ಅಡ್ಡ ವ್ಯತ್ಯಾಸಕ್ಕೆ ಸುಲಭವಾಗಿ ಹೊಂದಿಕೊಳ್ಳುತ್ತವೆ. ಲಂಬ ವ್ಯತ್ಯಾಸಕ್ಕೆ ಹೊಂದಿಕೊಳ್ಳುವ ಸಾಮರ್ಥ್ಯ ಬಹಳ ಕಡಿಮೆ. ಆದ್ದರಿಂದ ವ್ಯತ್ಯಾಸ ಹೆಚ್ಚಿದಂತೆ ಕಣ್ಣಿಗೆ ಆಯಾಸವಾಗಿ, ಚಿತ್ರಗಳು ಒಂದಾಗದೆ ಉಳಿಯುತ್ತವೆ.

== ಅಳೆಯುವ ವಿಧಾನ ==
ಮಸೂರದ ಮೇಲೆ ನಮೂದಿಸಿದ ಸಂಗಮದೂರವು ಪೂರ್ಣಾಂಕಕ್ಕೆ ಸರಿಹೊಂದಿಸಿದ ಮೌಲ್ಯ. ಒಂದೇ ಸಂಖ್ಯೆಯುಳ್ಳ ಎರಡು ಮಸೂರಗಳು ವಾಸ್ತವದಲ್ಲಿ ಭಿನ್ನವಾಗಿರಬಹುದು. ಹಲವು ಗಾಜುಗಳಿಂದಾದ ಮಸೂರದಲ್ಲಿ ಸಂಗಮದೂರವನ್ನು ಯಾವ ಬಿಂದುವಿನಿಂದ ಅಳೆಯಬೇಕೆಂಬುದು ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಗಾಜಿನಿಂದ ಪರದೆಗಿರುವ ದೂರಕ್ಕಿಂತ ಪ್ರತಿಬಿಂಬಗಳ ಗಾತ್ರವನ್ನು ಹೋಲಿಸುವುದು ಉತ್ತಮ.

ಮಸೂರಗಳನ್ನು ಒಂದಾದ ಮೇಲೊಂದರಂತೆ ಒಂದೇ ಸ್ಥಾನದಲ್ಲಿರಿಸಿ, ದೂರದ ಎರಡು ಕಂಬಗಳನ್ನು ಉಜ್ಜಿದ ಗಾಜಿನ ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿಸಬೇಕು. ಕಂಬಗಳ ಪ್ರತಿಬಿಂಬಗಳ ನಡುವಿನ ಅಂತರ ಒಂದರಲ್ಲಿ 40 ಮಿ.ಮೀ., ಇನ್ನೊಂದರಲ್ಲಿ 40.4 ಮಿ.ಮೀ. ಇದ್ದರೆ ಸಂಗಮದೂರಗಳ ವ್ಯತ್ಯಾಸ ಶೇ. 1. ಒಂದೇ ತಯಾರಿಕೆಯ ಹಲವು ಮಸೂರಗಳನ್ನು ಹೀಗೆ ಅಳೆದು, ಅತ್ಯಂತ ಸಮೀಪದ ಜೋಡಿಯನ್ನು ಆರಿಸಬಹುದು. ಉಳಿದ ಅಲ್ಪ ವ್ಯತ್ಯಾಸವನ್ನು ಮುದ್ರಣದಲ್ಲಿ ಅಥವಾ ಕಂಪ್ಯೂಟರಿನಲ್ಲಿ ಒಂದು ಚಿತ್ರದ ಗಾತ್ರ ಬದಲಿಸಿ ಸರಿಪಡಿಸಬಹುದು. ಸ್ಲೈಡ್ ಫಿಲ್ಮನ್ನು ನೇರವಾಗಿ ನೋಡುವಾಗ ಇದು ಸಾಧ್ಯವಿಲ್ಲ.

== ಒಂದೇ ಮಸೂರದ ಬಳಕೆ ==
ಈ ತೊಡಕು ಸ್ಟೀರಿಯೊ ಛಾಯಾಗ್ರಹಣದಷ್ಟೇ ಹಳೆಯದು. 1849ರಲ್ಲಿ ಎರಡು ಮಸೂರಗಳ ಕ್ಯಾಮೆರಾವನ್ನು ವಿವರಿಸಿದ ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್, ಒಂದೇ ಮಸೂರವನ್ನು ಎರಡು ಹೋಳು ಮಾಡಿ ಬಳಸುವ ಉಪಾಯವನ್ನು ಸೂಚಿಸಿದನು. ಎರಡೂ ಹೋಳುಗಳ ಸಂಗಮದೂರ ಒಂದೇ ಆಗಿರುತ್ತದೆ. ಇಸ್ರೋ 2008ರ ಅಕ್ಟೋಬರ್ 22ರಂದು ಉಡಾಯಿಸಿದ ಚಂದ್ರಯಾನ-1ರ ಭೂರೂಪ ನಕಾಶೆ ಕ್ಯಾಮೆರಾದಲ್ಲಿಯೂ ಒಂದೇ ಮಸೂರವ್ಯೂಹವಿತ್ತು. ಅದರ ಹಿಂದಿನ ಮೂರು ಸಂವೇದಕ ಸಾಲುಗಳು ಚಂದ್ರನ ನೆಲವನ್ನು ಮುಂದಿನಿಂದ, ನೇರ ಮೇಲಿನಿಂದ ಮತ್ತು ಹಿಂದಿನಿಂದ ಚಿತ್ರಿಸಿದವು.