ತಲೆಗೆ ಪೆಟ್ಟಾದವರಿಗೆ ಗೈಬ್ ತಿಳಿಯುತ್ತದೆಯೇ?

ಜುಮಾ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ ನಮ್ಮ ಕಿವಿಗೆ ಆಗಾಗ ಬೀಳುವ ಪ್ರಶ್ನೆಯೊಂದಿದೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ವ್ಯಕ್ತಿಯೊಬ್ಬ ಕೆಲವು ತಿಂಗಳ ನಂತರ ಬದಲಾಗುತ್ತಾನೆ. ಯಾರೂ ಇಲ್ಲದ ಕಡೆ ಮಾತು ಕೇಳಿಸುತ್ತದೆ ಎನ್ನುತ್ತಾನೆ. ನಡೆಯುತ್ತಿರುವುದನ್ನು ಮೊದಲೇ ಕಂಡಿದ್ದೆ ಎನ್ನುತ್ತಾನೆ. ಒಮ್ಮೊಮ್ಮೆ ಕಣ್ಣು ಒಂದೇ ಕಡೆ ನೆಟ್ಟು ಏನೇನೋ ಆಡುತ್ತಾನೆ. ಆಗ ಕೆಲವರು ಹುಚ್ಚು ಎನ್ನುತ್ತಾರೆ, ಕೆಲವರು ಗಾಳಿ ಹಿಡಿದಿದೆ ಎನ್ನುತ್ತಾರೆ. ಇನ್ನು ಕೆಲವರು, ಇವನಿಗೆ ಗೈಬ್ ತೆರೆದಿದೆ ಎಂದು ಕಳುವಾದ ಬಂಗಾರ ಎಲ್ಲಿದೆ, ಮಗಳ ಮದುವೆ ಎಂದು ಎಂದು ಕೇಳಲು ಮನೆ ಬಾಗಿಲಿಗೆ ಬರುತ್ತಾರೆ. ಮೆದುಳಿನ ಗಾಯಕ್ಕೂ ಇಂಥ ಶಕ್ತಿಗೂ ನಿಜವಾಗಿ ಸಂಬಂಧವಿದೆಯೇ?

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಮೆದುಳಿಗೆ ಪೆಟ್ಟಾದರೆ ಅನುಭವ ಬದಲಾಗುತ್ತದೆ. ಆ ಅನುಭವ ಸುಳ್ಳಲ್ಲ, ನಾಟಕವೂ ಅಲ್ಲ. ಆದರೆ ಅನುಭವ ಬೇರೆ, ಅಗೋಚರದ ಜ್ಞಾನ ಬೇರೆ. ಇವೆರಡನ್ನು ಬೆರೆಸಿದರೆ ರೋಗಿಗೆ ಚಿಕಿತ್ಸೆ ತಪ್ಪುತ್ತದೆ, ನಿರಪರಾಧಿಯ ಮೇಲೆ ಆರೋಪ ಬೀಳುತ್ತದೆ.

ಮೆದುಳಿನೊಳಗೆ ನಡೆಯುವುದೇನು?

ಕಣತಲೆಯ ಒಳಗೆ, ಕಿವಿಯ ಮೇಲ್ಭಾಗದಲ್ಲಿರುವ ಮೆದುಳಿನ ಭಾಗ ಕೇಳುವಿಕೆ, ನೆನಪು ಮತ್ತು ಭಾವನೆಗಳಿಗೆ ಸಂಬಂಧಿಸಿದ್ದು. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ಕಳೆದ ಶತಮಾನದಲ್ಲಿ ಮೂರ್ಛೆರೋಗಿಗಳಿಗೆ ಎಚ್ಚರವಿರುವಾಗಲೇ ಮೆದುಳಿನ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಈ ಭಾಗಕ್ಕೆ ಅತಿ ಸಣ್ಣ ವಿದ್ಯುತ್ ಮುಟ್ಟಿಸಿದಾಗ ಕೆಲವು ರೋಗಿಗಳಿಗೆ ಹಾಡು ಕೇಳಿಸಿತು, ಹಳೆಯ ಮಾತುಗಳು ಕೇಳಿಸಿದವು, ಇದೆಲ್ಲ ಮೊದಲೇ ಆಗಿತ್ತು ಎಂದು ಅನ್ನಿಸಿತು. 2002ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಒಬ್ಬ ರೋಗಿಯ ಮೆದುಳಿನ ಬಲಭಾಗದ ಒಂದು ಜಾಗಕ್ಕೆ ವಿದ್ಯುತ್ ಕೊಟ್ಟಾಗ, ತಾನು ಮೇಲೆ ತೇಲುತ್ತಿದ್ದೇನೆ, ಮಂಚದ ಮೇಲೆ ಮಲಗಿರುವ ತನ್ನನ್ನು ತಾನೇ ನೋಡುತ್ತಿದ್ದೇನೆ ಎಂದು ಆಕೆ ಹೇಳಿದಳು. ವಿದ್ಯುತ್ ನಿಂತಾಗ ಆ ಅನುಭವವೂ ನಿಂತಿತು.

ತಲೆಯ ಗಾಯ ಮಾಯ್ದ ಮೇಲೂ ಒಳಗಿನ ಕಲೆಯಿಂದ ಇಂಥ ವಿದ್ಯುತ್ ಏರುಪೇರು ತಾನಾಗಿಯೇ ಏಳಬಹುದು. ಅದೇ ಮೂರ್ಛೆ, ಜನ ಹೇಳುವ ಫಿಟ್ಸ್. ಅದು ಪೆಟ್ಟಾದ ವಾರದೊಳಗೂ ಬರಬಹುದು, ತಿಂಗಳು ಅಥವಾ ವರ್ಷಗಳ ನಂತರವೂ ಬರಬಹುದು. ಕೈಕಾಲು ಸೆಟೆದು ಬೀಳುವುದಷ್ಟೇ ಫಿಟ್ಸ್ ಅಲ್ಲ. ಸುಮ್ಮನೆ ದಿಟ್ಟಿಸುವುದು, ಇಲ್ಲದ ವಾಸನೆ ಬರುವುದು, ಕಾರಣವಿಲ್ಲದ ಭಯ, ಅಸಂಬದ್ಧ ಮಾತು, ಬಟ್ಟೆ ಹಿಂಡುತ್ತಾ ಕೂರುವುದು, ಇವೂ ಫಿಟ್ಸ್‌ನ ರೂಪಗಳೇ. ಒಂದೆರಡು ನಿಮಿಷದಲ್ಲಿ ಮುಗಿದು ಆಮೇಲೆ ಸುಸ್ತು, ಮಂಕು ಉಳಿಯುತ್ತದೆ.

ನಮ್ಮ ರಾಜ್ಯದಲ್ಲೇ ಇದಕ್ಕೆ ಹತ್ತಿರದ ಉದಾಹರಣೆಯಿದೆ. ದಕ್ಷಿಣ ಕರ್ನಾಟಕದ ಕೆಲವು ಕಡೆ, ಬಿಸಿನೀರನ್ನು ತಂಬಿಗೆಯ ಮೇಲೆ ತಂಬಿಗೆಯಂತೆ ತಲೆಗೆ ಸುರಿದುಕೊಳ್ಳುವಾಗ ಮೂರ್ಛೆ ಬರುವವರಿದ್ದಾರೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಇದನ್ನು ದಶಕಗಳ ಕಾಲ ಅಭ್ಯಸಿಸಿ ಲೋಕಕ್ಕೆ ತಿಳಿಸಿದರು. ಇಂಥವರಲ್ಲಿ ಕೆಲವರಿಗೆ ಬಚ್ಚಲಲ್ಲೇ ಇಲ್ಲದ್ದು ಕಾಣುತ್ತದೆ, ಕೇಳಿಸುತ್ತದೆ. ಕೆಲವರಿಗೆ ಅದು ಹಿತವಾಗಿ, ಇನ್ನಷ್ಟು ನೀರು ಸುರಿದುಕೊಳ್ಳುತ್ತಾರೆ. ಬಚ್ಚಲ ನೀರಿನಿಂದ ಗೈಬ್ ತೆರೆಯಿತು ಎಂದು ಯಾರೂ ಹೇಳಲಾರರು. ನೀರಿನ ಬಿಸಿ ಇಳಿಸಿ, ಮಾತ್ರೆ ಕೊಟ್ಟರೆ ಹೆಚ್ಚಿನವರಲ್ಲಿ ಅದು ಹತೋಟಿಗೆ ಬರುತ್ತದೆ.

ಇನ್ನೊಂದು ಸಂಗತಿ. ಮೆದುಳಿನ ಮುಂಭಾಗ ನಮ್ಮೊಳಗಿನ ಪರಿಶೀಲಕನಂತೆ. ಮನಸ್ಸಿಗೆ ಬಂದದ್ದನ್ನು ಇದು ನಿಜವೇ, ಬರೀ ಕಲ್ಪನೆಯೇ ಎಂದು ತೂಗುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ತಲೆಗೆ ಗಾಯವಾದ ಅಮೆರಿಕದ ಸೈನಿಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಂಭಾಗದ ಕೆಲವು ಜಾಗಗಳಿಗೆ ಪೆಟ್ಟಾದವರು ಅಲೌಕಿಕ ಅನುಭವಗಳನ್ನು ಹೆಚ್ಚಾಗಿ ಹೇಳಿದ್ದು ಕಂಡುಬಂತು. ಪರಿಶೀಲಕ ದುರ್ಬಲನಾದರೆ ಹೊಳೆದದ್ದೆಲ್ಲ ಖಚಿತ ಸತ್ಯವೆನಿಸುತ್ತದೆ. ಹೇಳುವವನ ದನಿಯಲ್ಲಿ ಆ ಖಚಿತತೆ ಇರುವುದರಿಂದಲೇ ಕೇಳುವವರು ನಂಬುತ್ತಾರೆ.

ಏಣಿಯಿಂದ ಬಿದ್ದವನ ಕಥೆ

ತಲೆಪೆಟ್ಟಿನಿಂದ ದಿವ್ಯದೃಷ್ಟಿ ಬಂತೆಂದು ಜಗತ್ತಿನಲ್ಲಿ ಅತಿ ಹೆಚ್ಚು ಹೆಸರಾದವನು ಹಾಲೆಂಡಿನ ಪೀಟರ್ ಹುರ್ಕೋಸ್. ಮನೆಗಳಿಗೆ ಬಣ್ಣ ಬಳಿಯುತ್ತಿದ್ದ ಈತ 1941ರಲ್ಲಿ ಏಣಿಯಿಂದ ಬಿದ್ದ. ಎಚ್ಚರವಾದಾಗ ಇತರರ ಗುಟ್ಟು ತಿಳಿಯತೊಡಗಿತು ಎಂದು ಹೇಳಿಕೊಂಡ. ಮುಂದೆ ಅಮೆರಿಕಕ್ಕೆ ಹೋಗಿ ದೊಡ್ಡ ಹೆಸರು ಮಾಡಿದ. 1962ರಿಂದ 1964ರವರೆಗೆ ಬಾಸ್ಟನ್ ನಗರದ ಆಸುಪಾಸಿನಲ್ಲಿ 13 ಹೆಂಗಸರ ಕೊಲೆಯಾದಾಗ ಕೊಲೆಗಾರನನ್ನು ಹುಡುಕಲು ಇವನನ್ನೂ ಕರೆಸಿದರು. ಇವನು ಬೊಟ್ಟು ಮಾಡಿದ್ದು ಒಬ್ಬ ಚಪ್ಪಲಿ ವ್ಯಾಪಾರಿಯ ಕಡೆಗೆ. ಆ ಮನುಷ್ಯನ ವಿರುದ್ಧ ಸಾಕ್ಷ್ಯವೇ ಸಿಗಲಿಲ್ಲ. ಬಳಿಕ ಆಲ್ಬರ್ಟ್ ಡಿಸಾಲ್ವೊ ಎಂಬ ಬೇರೊಬ್ಬ ತಪ್ಪೊಪ್ಪಿಕೊಂಡ. 2013ರಲ್ಲಿ ಡಿಎನ್‌ಎ ಪರೀಕ್ಷೆ ಆ ಕೊಲೆಗಳಲ್ಲೊಂದಕ್ಕೆ ಅವನನ್ನೇ ಗಂಟುಹಾಕಿತು.

ಆ ಚಪ್ಪಲಿ ವ್ಯಾಪಾರಿಯ ಜಾಗದಲ್ಲಿ ನಮ್ಮ ಓಣಿಯ ಮನೆಗೆಲಸದ ಹೆಣ್ಣುಮಗಳನ್ನು ಇಟ್ಟು ನೋಡಿ. ಕಳುವಾದ ಸರದ ಬಗ್ಗೆ ಕೇಳಲು ಹೋದವರಿಗೆ, ಮನೆಗೆ ಬಂದು ಹೋಗುವ ಹೆಂಗಸು ತೆಗೆದಿದ್ದಾಳೆ ಎಂಬ ಉತ್ತರ ಬಂದರೆ ಸಾಕು, ಬಡವಳ ಮರ್ಯಾದೆ ಹೋಯಿತು.

ಪೆಟ್ಟಾದ ಮೇಲೆ ಹೊಸ ಕೌಶಲ ಬಂದ ಅಪರೂಪದ ಪ್ರಸಂಗಗಳೂ ಇವೆ. ಅಮೆರಿಕದ ಜೇಸನ್ ಪ್ಯಾಜೆಟ್ ಎಂಬ ಪೀಠೋಪಕರಣ ವ್ಯಾಪಾರಿ 2002ರಲ್ಲಿ ತಲೆಗೆ ಏಟು ತಿಂದ ನಂತರ ರೇಖಾಗಣಿತದ ಸೂಕ್ಷ್ಮ ಚಿತ್ರಗಳನ್ನು ಬಿಡಿಸತೊಡಗಿದ. ಆದರೆ ಚಿತ್ರವನ್ನು ಯಾರೂ ನೋಡಿ ಪರೀಕ್ಷಿಸಬಹುದು. ನಾಳೆ ಏನಾಗುವುದು, ಪಕ್ಕದ ಮನೆಯವರ ಮನಸ್ಸಿನಲ್ಲೇನಿದೆ ಎಂಬುದು ಅವನಿಗೂ ತಿಳಿಯಲಿಲ್ಲ.

ನಿಜವಾದ ಒಂದು ಮಾತು

ಹಾಗಾದರೆ ಹೇಳಿದ್ದು ಒಮ್ಮೊಮ್ಮೆ ನಿಜವಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಇದೇ ಪ್ರಶ್ನೆಯನ್ನು ಜನ ಪ್ರವಾದಿ ಮುಹಮ್ಮದ್(ಸ) ಅವರಲ್ಲೂ ಕೇಳಿದ್ದರು. ಕಣಿ ಹೇಳುವವರ ಮಾತಿನಲ್ಲಿ ಹುರುಳಿಲ್ಲ, ಕದ್ದು ತಂದ ಒಂದು ನಿಜಕ್ಕೆ ನೂರು ಸುಳ್ಳು ಬೆರೆತಿರುತ್ತದೆ ಎಂಬುದು ಪ್ರವಾದಿವರ್ಯರು(ಸ) ಕೊಟ್ಟ ಉತ್ತರದ ಸಾರ. ಇದು ಬುಖಾರಿಯಲ್ಲಿ ಹಝ್ರತ್ ಆಯಿಶಾ(ರ) ಅವರಿಂದ ವರದಿಯಾಗಿದೆ. ನಾವು ಆ ಒಂದನ್ನು ಊರಿಡೀ ಹೇಳುತ್ತೇವೆ, ನೂರನ್ನು ಮರೆಯುತ್ತೇವೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಕೇಳಿದ್ದೂ ಇಷ್ಟೇ: ಎಲ್ಲರೆದುರು ಪರೀಕ್ಷೆಗೆ ಒಪ್ಪಿ. ಹೇಳಿದ್ದನ್ನೆಲ್ಲ ತಾರೀಖು ಹಾಕಿ ಮೊದಲೇ ಬರೆದಿಟ್ಟು, ಮೂರು ತಿಂಗಳ ನಂತರ ನಿಜ ಎಷ್ಟು, ಸುಳ್ಳು ಎಷ್ಟು ಎಂದು ಎಣಿಸಿದರೆ ಲೆಕ್ಕ ತಾನೇ ಮಾತಾಡುತ್ತದೆ.

ಅಗೋಚರದ ಕೀಲಿಕೈಗಳು ಅಲ್ಲಾಹನ ಬಳಿ ಮಾತ್ರ ಇವೆ ಎಂದು ಸೂರಾ ಅನ್‌ಆಮ್ ಕಲಿಸುತ್ತದೆ. ಪ್ರವಾದಿಗಳಿಗೂ ಅವನು ತಿಳಿಸಿದಷ್ಟೇ ತಿಳಿಯುತ್ತಿತ್ತು. ಹಾಗಿರುವಾಗ ರಸ್ತೆಯ ಗುಂಡಿಗೆ ಬಿದ್ದ ಪೆಟ್ಟು ಆ ಬಾಗಿಲನ್ನು ತೆರೆಯುವುದೆಂತು?

ಮೂರ್ಛೆಯಿದ್ದ ಆ ಸಹೋದರಿ

ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಒಬ್ಬ ಕಪ್ಪು ವರ್ಣದ ಮಹಿಳೆಯ ಪ್ರಸಂಗ ಬಂದಿದೆ. ಆಕೆ ಪ್ರವಾದಿವರ್ಯರ(ಸ) ಬಳಿ ಬಂದು, ನನಗೆ ಮೂರ್ಛೆ ಬರುತ್ತದೆ, ಆಗ ಮೈಮೇಲಿನ ಬಟ್ಟೆ ಸರಿಯುತ್ತದೆ, ದುಆ ಮಾಡಿ ಎಂದಳು. ಸಹನೆಯಿಂದಿದ್ದರೆ ಸ್ವರ್ಗವಿದೆ, ಬಯಸಿದರೆ ಗುಣಕ್ಕಾಗಿ ದುಆ ಮಾಡುತ್ತೇನೆ ಎಂದು ಪ್ರವಾದಿವರ್ಯರು(ಸ) ಹೇಳಿದರು. ಆಕೆ ಸಹನೆಯನ್ನು ಆರಿಸಿಕೊಂಡು, ಬಟ್ಟೆ ಸರಿಯದಂತೆ ಮಾತ್ರ ದುಆ ಕೇಳಿದಳು. ಈ ವರದಿಯಲ್ಲಿ ಆಕೆಯನ್ನು ಯಾರೂ ಹೊಡೆಯಲಿಲ್ಲ, ಕಟ್ಟಿಹಾಕಲಿಲ್ಲ, ನಮ್ಮ ಭವಿಷ್ಯ ಹೇಳು ಎಂದು ಪೀಡಿಸಲೂ ಇಲ್ಲ. ಆಕೆಯ ಮಾನ ಉಳಿಯಿತು. ನಮ್ಮ ಮನೆಯ ರೋಗಿಗೂ ಸಿಗಬೇಕಾದ್ದು ಅದೇ. ರೋಗವಿಳಿಸಿದವನು ಮದ್ದನ್ನೂ ಇಳಿಸಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂಬ ಪ್ರವಾದಿ ಬೋಧನೆಯೂ ನಮ್ಮ ಮುಂದಿದೆ. ದುಆ ಮಾಡೋಣ, ಮಾತ್ರೆಯನ್ನೂ ಕೊಡಿಸೋಣ.

ಮನೆಯವರು ಮಾಡಬೇಕಾದ್ದು

ತಲೆಗೆ ಪೆಟ್ಟಾದ ಮೇಲೆ ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಒಂದು ಬದಿಯ ಕೈಕಾಲಿನ ನಿಶ್ಶಕ್ತಿ, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಕಂಡರೆ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಕರೆ ಮಾಡಿ.

ಫಿಟ್ಸ್ ಬಂದಾಗ ಉಳ್ಳಾಗಡ್ಡಿ, ಚಪ್ಪಲಿ ಮೂಗಿಗೆ ಹಿಡಿಯುವುದು, ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಒಂದು ಮಗ್ಗುಲಿಗೆ ಹೊರಳಿಸಿ, ಕೊರಳ ಗುಂಡಿ ಸಡಿಲಿಸಿ, ಸಮಯ ನೋಡಿ. 5 ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಮತ್ತೆ ಬಂದರೆ ಆಸ್ಪತ್ರೆಗೆ ಒಯ್ಯಿರಿ. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ಮಾತ್ರ ತೋರಿಸಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಕರೋಶಿಯ ಕಡೆಯವರು ಬೆಳಗಾವಿಗೋ ಮಿರಜಿಗೋ ಹೋಗಿ ನರರೋಗ ತಜ್ಞರನ್ನು ಕಾಣಬಹುದು. ಧಾರವಾಡದಲ್ಲಿ ಸರಕಾರದ ಡಿಮ್ಹಾನ್ಸ್ ಇದೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಶುರು ಮಾಡಿದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು, ರಮಝಾನ್‌ನಲ್ಲೂ ಕೂಡ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಕೊಟ್ಟವನು ಅಲ್ಲಾಹನೇ.

ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಸರಪಳಿ ಹಾಕುವುದು ಈಗ ಅಪರಾಧ. ಕರ್ನಾಟಕದಲ್ಲಿ 2017ರ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ 2013ರಿಂದಲೇ ಇದೆ.

ಸಹೋದರ ಸಹೋದರಿಯರೇ, ಪೆಟ್ಟು ತಿಂದು ಕಂಗೆಟ್ಟವನ ಬಾಗಿಲಿಗೆ ನಮ್ಮ ಪ್ರಶ್ನೆಗಳನ್ನು ಹೊತ್ತು ಹೋಗುವುದು ಬೇಡ. ಹೋಗುವುದಾದರೆ ಅವನನ್ನು ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ತೆಗೆದುಕೊಂಡು ಹೋಗೋಣ. ಮಕ್ಕಳು ಬೈಕಿನ ಕೀಲಿ ಕೈಗೆತ್ತಿಕೊಳ್ಳುವಾಗ ಹೆಲ್ಮೆಟ್ಟನ್ನೂ ಕೈಗೆ ಕೊಡೋಣ. ಅಲ್ಲಾಹನು ರೋಗಿಗಳೆಲ್ಲರಿಗೂ ಶಿಫಾ ಕರುಣಿಸಲಿ, ಆಮೀನ್.