ಸ್ಕೋನ್ ಹಿಟ್ಟನ್ನು ನಾದಬೇಡಿ

ಗೋಕಾಕದ ನಮ್ಮ ವೈನಿ ಮಾಡಿದ ಚಪಾತಿ ಮರುದಿನವೂ ಮೆತ್ತಗಿರುತ್ತದೆ. ಮೊನ್ನೆ ಅದೇ ಕೈ ಸ್ಕೋನ್ ಎಂಬ ಸ್ಕಾಟ್ಲೆಂಡ್ ಮೂಲದ ಉಬ್ಬಿದ ತಿನಿಸು ಮಾಡಲು ಹೋಯಿತು. ಮೈದಾಹಿಟ್ಟನ್ನು ಹತ್ತು ನಿಮಿಷ ಗಸಗಸ ನಾದಿ, ಒದ್ದೆ ಬಟ್ಟೆ ಮುಚ್ಚಿ, ಆಮೇಲೆ ಬೇಯಿಸಿದರು. ಬೆಂದದ್ದನ್ನು ತಾವೇ ಒಲೆಕಟ್ಟೆಗೆ ಬಡಿದು ನೋಡಿ, "ಇದನ್ನ ಒಗದ್ರ ನಾಯಿ ಓಡಿ ಹೋಗ್ತಾವ" ಎಂದು ನಕ್ಕರು.

ನಾದಿದಷ್ಟೂ ಮೆತ್ತಗೆ ಎಂಬುದು ಚಪಾತಿಗೆ ನಿಜ, ಸ್ಕೋನಿಗೆ ಪೂರಾ ಸುಳ್ಳು. ಗೋಧಿಯಲ್ಲಿರುವ ಪ್ರೊಟೀನು ನೀರು ಕುಡಿದು, ಕೈಯ ಒತ್ತು ಬಿದ್ದಾಗ ಗ್ಲುಟೆನ್ ಎಂಬ ಎಳೆಗಳಾಗಿ ಹೆಣೆದುಕೊಳ್ಳುತ್ತದೆ. ಚಪಾತಿ ಹರಿಯದೆ ತೆಳ್ಳಗೆ ಲಟ್ಟಿಸಲು ಬರುವುದು ಅದರಿಂದಲೇ. (ಜೋಳದಲ್ಲಿ ಗ್ಲುಟೆನ್ ಇಲ್ಲ, ಅದಕ್ಕೇ ಬಿಸಿನೀರು ಹಾಕಿ ಜಿಗಿ ಬರಿಸಿ ರೊಟ್ಟಿ ಬಡಿಯಬೇಕು.) ಸ್ಕೋನ್ ಮುರಿದರೆ ಉದುರಬೇಕು, ಎಳೆದರೆ ಹಿಗ್ಗಬಾರದು.

250 ಗ್ರಾಂ ಮೈದಾಕ್ಕೆ 2 ಸಣ್ಣ ಚಮಚ ಬೇಕಿಂಗ್ ಪೌಡರ್, 30 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು. ಅದಕ್ಕೆ 60 ಗ್ರಾಂ ಬೆಣ್ಣೆಯನ್ನು ಬೆರಳ ತುದಿಯಲ್ಲೇ ತಿಕ್ಕಿ ರವೆಯಂತೆ ಮಾಡಿ. ಸುಮಾರು 150 ಮಿಲಿ ಹಾಲು ಹಾಕಿ, ಹಿಟ್ಟು ಮುದ್ದೆಯಾಗಿ ಕೂಡಿತೋ, ಕೈ ತೆಗೆಯಿರಿ. ಮೇಲ್ಮೈ ಒರಟಾಗಿದ್ದರೆ ಇರಲಿ.

ಬೆಣ್ಣೆ ಕರಗಿಸಿ ಹಾಕಿದರೆ ಚೆನ್ನಾಗಿ ಬೆರೆಯುತ್ತದಲ್ಲ? ಬೆರೆಯುತ್ತದೆ, ತೊಂದರೆಯೇ ಅದು. ತಣ್ಣನೆಯ ಬೆಣ್ಣೆಯ ಚೂರುಗಳು ಶಾಖಕ್ಕೆ ಕರಗಿ, ಅವುಗಳ ನೀರು ಹಬೆಯಾಗಿ, ಹಿಟ್ಟಿನೊಳಗೆ ಸಂದು ಬಿಡಿಸುತ್ತವೆ. ಮೊದಲೇ ಕರಗಿದ್ದರೆ ಆ ಸಂದು ಎಲ್ಲಿಂದ ಬಂತು? ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಬೆಣ್ಣೆ ತಾನಾಗಿಯೇ ಕರಗುವುದರಿಂದ ಹಿಟ್ಟನ್ನೂ ಫ್ರಿಜ್‌ನಲ್ಲಿಟ್ಟು ತೆಗೆಯುವುದು ಒಳ್ಳೆಯದು. ಮನೆಯಲ್ಲಿ ಕಡೆದ ಎಮ್ಮೆ ಬೆಣ್ಣೆಯಾದರೆ ಮಜ್ಜಿಗೆಯ ನೀರನ್ನು ಹಿಂಡಿ ತೆಗೆದು ಗಟ್ಟಿ ಮಾಡಿಕೊಳ್ಳಿ.

ಅಡುಗೆ ಸೋಡಾ, ಬೇಕಿಂಗ್ ಪೌಡರ್ ಎರಡೂ ಒಂದೇ ಎಂದುಕೊಂಡವರು ಬಹಳ ಜನ. ಸೋಡಾಕ್ಕೆ ಹುಳಿ ಬೇಕು, ಮಜ್ಜಿಗೆ ಇದ್ದರೆ ಅದು ಕೂಡಲೇ ಗಾಳಿ ಬಿಡುತ್ತದೆ. ಪೌಡರಿನಲ್ಲಿ ಸೋಡಾ, ಒಣ ಹುಳಿ, ಪಿಷ್ಟ ಮೂರೂ ಸೇರಿರುತ್ತವೆ. ಹಾಲಿಗೆ ಬರೀ ಸೋಡಾ ಸುರಿದರೆ ಸಾಬೂನಿನ ರುಚಿ, ಅಲ್ಲಲ್ಲಿ ಹಳದಿ ಮಚ್ಚೆ. ಹುಳಿ ಮಜ್ಜಿಗೆ ಇದ್ದರೆ ಅರ್ಧ ಸಣ್ಣ ಚಮಚ ಸೋಡಾ ಸಾಕು, ಆದರೆ ಕಲಸಿಟ್ಟು ಕೂರಬೇಡಿ.

ಮೂಡಲಗಿಯಿಂದ ಬಂದ ಅತ್ತೆ "ತತ್ತಿ ಹಾಕಿರ್ತೀರಿ, ನನಗ ಬ್ಯಾಡ" ಎಂದು ತಟ್ಟೆ ಸರಿಸಿದರು. ಸಾದಾ ಸ್ಕೋನಿಗೆ ತತ್ತಿ ಬೇಕಿಲ್ಲ. ಮೇಲಿನ ಹೊಳಪಿಗೆ ಹಾಲು ಸವರಿದರೂ ನಡೆಯುತ್ತದೆ.

ಇನ್ನು ಓವನ್. ಅದಕ್ಕೆ ಬೇಕಾದ ಕರೆಂಟು ನಮ್ಮ ಕಡೆಗೆ ಹೊಸದಲ್ಲ. ಗೋಕಾಕ ಫಾಲ್ಸಿನಲ್ಲಿ 19ನೇ ಶತಮಾನದಲ್ಲೇ ನೀರಿನಿಂದ ವಿದ್ಯುತ್ ತೆಗೆದರು. ಆದರೆ ಸ್ಕೋನಿಗೆ ಕರೆಂಟೇ ಬೇಕೆಂದಿಲ್ಲ. ಸ್ಕಾಟ್ಲೆಂಡಿನ ಹಳೆಯ ಸ್ಕೋನ್ ಕಬ್ಬಿಣದ ಹಂಚಿನ ಮೇಲೆ ಬೆಂದ ದಪ್ಪ ರೊಟ್ಟಿ. ದುಂಡಗೆ ತಟ್ಟಿ ನಾಲ್ಕು ತುಂಡು ಮಾಡುತ್ತಿದ್ದರು. ಆಲ್‌ಫ್ರೆಡ್ ಬರ್ಡ್ ಬೇಕಿಂಗ್ ಪೌಡರ್ ಕಂಡುಹಿಡಿದದ್ದು 1843ರಲ್ಲಿ. ಇವತ್ತಿನ ಉಬ್ಬಿದ ಸ್ಕೋನ್ ಅದರ ನಂತರದ್ದು. ಹಾಗಾಗಿ ಅರ್ಧ ಇಂಚು ದಪ್ಪ ತಟ್ಟಿ, ರೊಟ್ಟಿ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿ ಎರಡೂ ಕಡೆ ಬೇಯಿಸಿದರೆ ಅದೇ ಮೂಲದ ರೀತಿ. ಓವನ್ ಇದ್ದರೆ 220 ಡಿಗ್ರಿ, 12ರಿಂದ 15 ನಿಮಿಷ. ಲೋಟದಿಂದ ಕತ್ತರಿಸುವಾಗ ತಿರುಚಬೇಡಿ, ನೇರ ಒತ್ತಿ ಎತ್ತಿ. ತಿರುಚಿದರೆ ಅಂಚು ಮುಚ್ಚಿಕೊಂಡು ಓರೆಯಾಗಿ ಉಬ್ಬುತ್ತದೆ.

ಜಾಮು, ಕ್ರೀಮು ಸಿಗದಿದ್ದರೆ ಹಾಲಿನ ಕೆನೆ, ಜೋನಿ ಬೆಲ್ಲ. ಕಬ್ಬಿನ ಸೀಮೆಯಲ್ಲಿ ಜಾಮಿಗಾಗಿ ಅಲೆಯುವುದು ನನಗೆ ಸರಿ ಕಾಣುವುದಿಲ್ಲ.

ಎರಡನೇ ಸಲ ವೈನಿ ಹಿಟ್ಟು ಕೂಡಿದ ಕೂಡಲೇ ಹೋಗಿ ಕೈ ತೊಳೆದುಬಿಟ್ಟರು. ಯಾಕೆಂದು ಕೇಳಿದರೆ, "ಹಿಂಗ ಬಿಟ್ರ ಕೈ ತಾನs ನಾದತಾವ" ಎಂದರು.